ಕಾರ್ಡ್ ಇದೆ, ಡಿಸ್ಕ್ ಕಾಣ್ತಿಲ್ಲ: ಲಿನಕ್ಸ್‌ನಲ್ಲಿ ಸ್ಟೋರೇಜ್ ಕಂಟ್ರೋಲರ್

ಸರ್ವರ್‌ಗೆ ಸ್ಟೋರೇಜ್ ಕಂಟ್ರೋಲರ್ ಕಾರ್ಡ್ ಹಾಕಿಯಾಯಿತು.
ದೀಪ ಉರಿಯುತ್ತಿದೆ, ಡಿಸ್ಕ್ ತಿರುಗುತ್ತಿದೆ.
ಆದರೂ ಲಿನಕ್ಸ್‌ಗೆ ಒಂದು ಡಿಸ್ಕೂ ಕಾಣುತ್ತಿಲ್ಲ. ಯಾಕೆ?

ರೋಣದ ಬಸ್ ನಿಲ್ದಾಣ ನೆನಪಿಸಿಕೊಳ್ಳಿ.
ನರಗುಂದದ ಬಸ್ಸು ಯಾವುದು, ಗಜೇಂದ್ರಗಡದ್ದು ಯಾವುದು,
ಕಂಟ್ರೋಲರ್ ಕೂಗಿ ಹೇಳುತ್ತಾರೆ.
ಆ ಭಾಷೆಯೇ ಬಾರದಿದ್ದರೆ?
ಬಸ್ಸು ಎದುರಿಗೇ ನಿಂತಿದ್ದರೂ ಹತ್ತಲಾಗದು.
ಕಾರ್ಡಿನ ಭಾಷೆಯನ್ನು ಲಿನಕ್ಸ್‌ಗೆ ತಿಳಿಸುವುದೇ ಡ್ರೈವರ್.

ಮೊದಲ ಕೆಲಸ, 'ಎಲ್‌ಎಸ್‌ಪಿಸಿಐ ಮೈನಸ್ ಕೆ' ಎಂಬ ಆದೇಶ.
ಕಾರ್ಡಿನ ಹೆಸರು, ಅದನ್ನು ನಡೆಸುತ್ತಿರುವ ಡ್ರೈವರ್,
ಎರಡೂ ಪರದೆಯ ಮೇಲೆ ಬರುತ್ತವೆ.
ಡ್ರೈವರ್ ಸಾಲು ಇಲ್ಲವೇ? ತೊಂದರೆ ಅಲ್ಲೇ ಇದೆ.

ಎಲ್‌ಎಸ್‌ಐ ಕಂಪನಿಯ ಕಾರ್ಡುಗಳಿಗೆ ಡ್ರೈವರ್ ಸಿ.ಡಿ. ಹುಡುಕಬೇಕಿಲ್ಲ.
ಮೆಗಾರೇಡ್ ಕಾರ್ಡಿಗೆ 'ಮೆಗಾರೇಡ್ ಸ್ಯಾಸ್',
ರೇಡ್ (ಹಲವು ಡಿಸ್ಕ್ ಒಂದಾಗಿಸುವ ವ್ಯವಸ್ಥೆ) ಇಲ್ಲದ ಸಾದಾ ಕಾರ್ಡಿಗೆ 'ಎಂಪಿಟಿ3ಸ್ಯಾಸ್'.
ಎರಡೂ ಮುಕ್ತ ತಂತ್ರಾಂಶ, ಲಿನಕ್ಸ್ ಕರ್ನಲ್‌ನಲ್ಲೇ ಇವೆ.

ಸಿಕ್ಕಿಕೊಳ್ಳುವುದು ಹಳೆಯ ಕಾರ್ಡಿನಲ್ಲಿ.
ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ ಎಲ್‌ಎಸ್‌ಐನ 'ಸ್ಯಾಸ್ 2008' ಚಿಪ್ಪನ್ನೇ ನೋಡಿ.
2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ತನ್ನ ಡ್ರೈವರ್‌ನಿಂದ
ಈ ಚಿಪ್ಪಿನ ಗುರುತಿನ ಸಂಖ್ಯೆಯನ್ನೇ ತೆಗೆದುಹಾಕಿತು.
ಕಾರ್ಡ್ ಸರಿಯಾಗಿದ್ದರೂ ಇನ್‌ಸ್ಟಾಲರ್‌ಗೆ ಡಿಸ್ಕ್ ಇಲ್ಲ!

ಆದರೆ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ.
ಹಾಗಾಗಿಯೇ 'ಎಲ್‌ರೆಪೊ' ಸ್ವಯಂಸೇವಕರು
ಆ ಸಂಖ್ಯೆಯನ್ನು ಮರಳಿ ಸೇರಿಸಿ ಡ್ರೈವರ್ ಹಂಚಿದರು.
ಇದು ದೊಡ್ಡ ಉಪಕಾರ.
ಡೆಬಿಯನ್‌ನಲ್ಲಾದರೆ ಅದೇ ಕಾರ್ಡ್ ನೇರವಾಗಿ ನಡೆಯುತ್ತದೆ.

ಡ್ರೈವರ್ ಕೂತ ಮೇಲೆ 'ಎಲ್‌ಎಸ್‌ಬಿಎಲ್‌ಕೆ' ಆದೇಶ ಕೊಟ್ಟರೆ
ಡಿಸ್ಕ್‌ಗಳ ಪಟ್ಟಿ ಬರುತ್ತದೆ.
ರೇಡ್ ಕಾರ್ಡ್ ಆಗಿದ್ದರೆ ಬಿಡಿ ಡಿಸ್ಕ್ ಅಲ್ಲ,
ಕಾರ್ಡ್ ಕಟ್ಟಿಕೊಟ್ಟ ಒಟ್ಟು ಡಿಸ್ಕ್ ಕಾಣುತ್ತದೆ.