ಬೆಳಕಿನತ್ತ ಬಾಗುವ ಬೂಷ್ಟು

ಫೈಕೊಮೈಸಿಸ್ ಎಂಬ ಬೂಷ್ಟಿನ ದಂಟು ಒಂದೇ ಜೀವಕೋಶ. ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಎತ್ತರವಾದರೋ ಹಲವು ಸೆಂಟಿಮೀಟರು. ಬೆಳೆದ ದಂಟು ಗಂಟೆಗೆ ಸುಮಾರು 3 ಮಿಲಿಮೀಟರಿನಂತೆ ಏರುತ್ತದೆ. ಪಕ್ಕದಿಂದ ನೀಲಿ ಬೆಳಕು ಬಿದ್ದರೆ ಆ ಕಡೆಗೇ ಬಾಗುತ್ತದೆ.

ಇದು ವಿಚಿತ್ರವಲ್ಲವೆ? ಬೆಳಕು ಇದರ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ. ಹಾಗಿದ್ದರೆ ಬೆಳಕು ಬಿದ್ದ ಮಗ್ಗುಲೇ ಹೆಚ್ಚು ಬೆಳೆದು ದಂಟು ಆಚೆಗೆ ಬಾಗಬೇಕಷ್ಟೆ! ನಾವು ತರಗತಿಯಲ್ಲಿ ಕಲಿಯುವ ಬೆಳಕಿನ ಪಾಠವೇ ಇಲ್ಲಿ ನೆರವಿಗೆ ಬರುತ್ತದೆ. ಪಾರದರ್ಶಕವಾದ ಈ ದಂಟು ಒಂದು ಸಿಲಿಂಡರಾಕಾರದ ಮಸೂರ. ಕಿರಣಗಳನ್ನು ಅದು ಹಿಂಬದಿಯ ಗೋಡೆಯ ಮೇಲೆ ಕೂಡಿಸುತ್ತದೆ. ಆ ಗೋಡೆ ವೇಗವಾಗಿ ಬೆಳೆದು ದಂಟನ್ನು ಬೆಳಕಿನತ್ತ ಬಾಗಿಸುತ್ತದೆ. 1918ರಲ್ಲಿ ಬೂಡರ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಪರೀಕ್ಷಿಸಿದ ಬಗೆ ಬಲು ಸೊಗಸಾದುದು. ಅವರು ದಂಟನ್ನು ಪ್ಯಾರಫಿನ್ ಎಣ್ಣೆಯಲ್ಲಿ ಮುಳುಗಿಸಿದರು. ಎಣ್ಣೆಯ ವಕ್ರೀಭವನಾಂಕ ಹೆಚ್ಚಾದುದರಿಂದ ಮಸೂರವು ಕಿರಣಗಳನ್ನು ಚದರಿಸಿತು. ದಂಟು ಬೆಳಕಿಗೆ ಬೆನ್ನು ತಿರುಗಿಸಿತು.

ಬೆಳಕನ್ನು ಗುರುತಿಸುವ ಅಣು ಯಾವುದು? ಭೌತವಿಜ್ಞಾನದಿಂದ ಜೀವವಿಜ್ಞಾನಕ್ಕೆ ಬಂದ ಮ್ಯಾಕ್ಸ್ ಡೆಲ್‌ಬ್ರುಕ್ ಸಂಗಡಿಗರೊಡನೆ ಇದನ್ನು ಬೆನ್ನಟ್ಟಿ, ಬೆಳಕಿಗೆ ಮಂಕಾದ ತಳಿಗಳನ್ನು ಆರಿಸಿದರು. 1981ರಲ್ಲಿ ಅವರು ತೀರಿಕೊಂಡಾಗಲೂ ಉತ್ತರ ದೊರೆತಿರಲಿಲ್ಲ. ಅಂಥ ತಳಿಗಳಲ್ಲಿ ಕೆಟ್ಟಿದ್ದ ಒಂದು ಜೀನು 2006ರಲ್ಲಿ ಪತ್ತೆಯಾಯಿತು. ಅದು ರೂಪಿಸುವ ಪ್ರೋಟೀನು ಫ್ಲೇವಿನ್ ಎಂಬ ಹಳದಿ ವಸ್ತುವಿನ ಮೂಲಕ ನೀಲಿ ಬೆಳಕನ್ನು ಹೀರಿ, ಇತರ ಜೀನುಗಳನ್ನು ಎಚ್ಚರಿಸುವ ಜಾತಿಯದು. ಆದರೆ ದಂಟು ಕೆಲವೇ ನಿಮಿಷಗಳಲ್ಲಿ ಬಾಗತೊಡಗುತ್ತದೆ. ಜೀನಿನಿಂದ ಹೊಸ ಪ್ರೋಟೀನು ಸಿದ್ಧವಾಗಲು ಅಷ್ಟು ಹೊತ್ತು ಸಾಕೆ?