ಕೋಟೆಯ ಮಣ್ಣು, ಬಿದ್ರಿಯ ಕಪ್ಪು

ಬಿದ್ರಿ ಹೂದಾನಿಯನ್ನು ಮೊದಲ ಸಲ ಎತ್ತಿಕೊಂಡವರು ಅದರ ಭಾರಕ್ಕೆ ಬೆಚ್ಚಿ ಇನ್ನೊಂದು ಕೈಯನ್ನೂ ಆಸರೆಗೆ ತರುತ್ತಾರೆ. ಆಮೇಲೆ ಬೆಳ್ಳಿಯ ಬಳ್ಳಿಯ ಮೇಲೆ ಹೆಬ್ಬೆರಳು ಸವರಿ, ಅಂಚು ಎಲ್ಲಿ ತಡೆಯುತ್ತದೆ ಎಂದು ಹುಡುಕುತ್ತಾರೆ. ಎಲ್ಲೂ ತಡೆಯುವುದಿಲ್ಲ. ಬೆಳ್ಳಿ ಲೋಹದ ಮೈಯೊಳಗೇ ಕೂತಿರುತ್ತದೆ.

ನೋಡಿದವರು ಹೊಗಳುವುದು ಆ ಬೆಳ್ಳಿಯನ್ನೇ. ಆದರೆ ಬೆಳ್ಳಿಯ ಕುಸುರಿ ಕೆಲಸ ದೇಶದ ಹತ್ತಾರು ಊರುಗಳಲ್ಲಿದೆ. ಬೀದರಿನದು ಮಾತ್ರವೇ ಎನ್ನುವಂಥದ್ದು ಆ ಕಪ್ಪು. ನಮ್ಮ ಮನೆಗಳಲ್ಲಿ ಕಪ್ಪಿಗೆ ಹೆಚ್ಚು ಮರ್ಯಾದೆಯಿಲ್ಲ. ಮಗುವಿನ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟರೆ ಅದರ ಕೆಲಸ ಮುಗಿಯಿತು, ಮದುವೆಯ ಸೀರೆಗಂತೂ ಅದು ಬೇಡವೇ ಬೇಡ. ಅಂಥ ಬಣ್ಣಕ್ಕೆ ನಡುಮನೆಯಲ್ಲಿ ಜಾಗ ಕೊಡಿಸಿದ ಕಲೆ ಇದು.

ಬಿದ್ರಿಯ ಮೂಲ ಲೋಹ ನೋಡಲು ಮಂಕು ಬೂದು. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸುತ್ತಾರೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ದೊಡ್ಡ ಕುಲುಮೆಯೇನೂ ಬೇಕಿಲ್ಲ. ಜರಡಿ ಹಿಡಿದ ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ದು, ತಣಿದ ಮೇಲೆ ಅರ ಹಿಡಿದು ಉಜ್ಜುತ್ತಾರೆ. ನುಣುಪಾದ ಮೈಗೆ ಮೈಲುತುತ್ತದ ನೀರು ಸವರಿದರೆ ಅದು ಸದ್ಯಕ್ಕೆ ಕಪ್ಪಾಗುತ್ತದೆ. ಗೀರಿದ ಗೆರೆ ಎದ್ದು ಕಾಣಲೆಂದೇ ಈ ಉಪಾಯ.

ಗೆರೆಯ ಜಾಡಿನಲ್ಲಿ ಉಳಿ ಸಾಗುತ್ತದೆ. ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿಯಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಅಂಟು ಇಲ್ಲ, ಬೆಸುಗೆ ಇಲ್ಲ. ಮೆತ್ತನೆಯ ಬೆಳ್ಳಿ ಪೆಟ್ಟಿಗೆ ಹರಡಿ ತಾನೇ ಕಚ್ಚಿಕೊಳ್ಳುತ್ತದೆ. ಈ ತಂತಿ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು. ತಗಡನ್ನು ಕತ್ತರಿಸಿ ಕೂರಿಸಿದರೆ ತೆಹನಿಶಾನ್. ಅಫ್ತಾಬಿ ಎನ್ನುವುದೊಂದಿದೆ, ಅದರ ಚಮತ್ಕಾರ ತಿರುಗುಮುರುಗು: ಬೆಳ್ಳಿಯ ತಗಡಿನಿಂದ ಹೂವಿನ ಆಕಾರವನ್ನೇ ಕತ್ತರಿಸಿ ತೆಗೆಯುವುದರಿಂದ ಹೂವು ಕಪ್ಪಾಗಿಯೂ ಸುತ್ತಲಿನದು ಬೆಳ್ಳಿಯಾಗಿಯೂ ಕಾಣುತ್ತದೆ.

ಆಮೇಲೆ ಬರುವುದು ನೋಡುವವರ ಎದೆ ಒಡೆಯುವ ಹಂತ. ಇಡೀ ವಸ್ತುವನ್ನು ಉಜ್ಜಿ ಮೆರುಗು ಕೊಟ್ಟಾಗ ಮೈಲುತುತ್ತದ ಕಪ್ಪು ಹೋಗಿ ಸತುವೂ ಬೆಳ್ಳಿಯೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ದಿನಗಟ್ಟಲೆ ಕೂತು ಕೊರೆದ ಬಳ್ಳಿ ಹೆಚ್ಚುಕಡಿಮೆ ಮಾಯ!

ಅದನ್ನು ಮರಳಿ ತರುವುದು ಮಣ್ಣು. ಬೀದರ್ ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ತಾಗದ ಮೂಲೆಗಳಿಂದ ತಂದ ಮಣ್ಣಿಗೆ ನವಸಾಗರ ಬೆರೆಸಿ, ನೀರು ಹಾಕಿ ಕಾಯಿಸುತ್ತಾರೆ. ಬಿಸಿ ಮಾಡಿದ ಪಾತ್ರೆಗೆ ಅದನ್ನು ಸವರಿದರೆ ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮಣ್ಣಿನಲ್ಲಿರುವ ನೈಟ್ರೇಟ್ ಲವಣಗಳು ಇದಕ್ಕೆ ಕಾರಣ ಎನ್ನುತ್ತಾರೆ ರಸಾಯನಶಾಸ್ತ್ರ ಬಲ್ಲವರು. ಅನುಭವಿ ಕುಶಲಕರ್ಮಿಗಳ ಪರೀಕ್ಷೆ ಇದಕ್ಕಿಂತ ನೇರ: ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ, ಆಗುತ್ತದೆ ಅಥವಾ ಆಗದು ಎನ್ನುತ್ತಾರೆ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದಾಗ ಇರಾನಿನ ಕುಶಲಿಗರ ಜೊತೆ ಈ ಕಲೆಯೂ ಬಂತೆಂಬುದು ಊರಿನ ನಂಬಿಕೆ. ಈಗ ನೋಡಸಿಗುವ ಹಳೆಯ ವಸ್ತುಗಳು ಬಹುಮಟ್ಟಿಗೆ 17ನೇ ಶತಮಾನ ಮತ್ತು ಅನಂತರದವು. ಆದರೆ ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋಗಿ ನಿಂತರೆ ಈ ಕಲೆಯ ನೆಂಟಸ್ತಿಕೆ ಕಣ್ಣಿಗೇ ಬೀಳುತ್ತದೆ. ಅಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಕಪ್ಪಿನ ಮೇಲೆ ಬಿಳಿ, ಅದೂ ಒಳಗೆ ಹುದುಗಿದ್ದು.

ಆ ಕಾಲದ ಬಿದ್ರಿ ಅಲಂಕಾರಕ್ಕಷ್ಟೇ ಇದ್ದುದಲ್ಲ, ದಿನಬಳಕೆಯದು: ಹುಕ್ಕಾದ ಬುಡ, ಪಾನ್‌ದಾನಿ, ಪೀಕದಾನಿ, ಹಾಸಿದ ಬಟ್ಟೆ ಗಾಳಿಗೆ ಹಾರದಂತೆ ಮೂಲೆಗಿಡುವ ಮೀರ್‌ಫರ್ಶ್. ಹುಕ್ಕಾ ಹೋಯಿತು, ಅದರ ಬುಡಗಳು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಸೇರಿದವು. ಈಗ ಬಿದ್ರಿ ಹೆಚ್ಚಾಗಿ ಮನೆಗೆ ಬರುವುದು ಸನ್ಮಾನದ ನೆನಪಿನ ಕಾಣಿಕೆಯಾಗಿ. ಬಂದದ್ದು ಶೋಕೇಸಿನ ಗಾಜಿನ ಹಿಂದೆ, ಕೆಲವೊಮ್ಮೆ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ, ಮಕ್ಕಳ ಕ್ರಿಕೆಟ್ ಕಪ್ಪಿನ ಪಕ್ಕ ಕೂರುತ್ತದೆ. ಅದಕ್ಕೆ ತಕ್ಕ ಜಾಗ ಅದಲ್ಲ. ತಿಳಿ ಬಣ್ಣದ ಗೋಡೆಯ ಮುಂದೆ, ಪಕ್ಕದಿಂದ ಬೆಳಕು ಬೀಳುವಲ್ಲಿ ಒಂದೇ ಒಂದು ಬಿದ್ರಿ ಸುರಾಹಿ ಇಟ್ಟು ನೋಡಬೇಕು; ಸಂಜೆ ಬೆಳಕು ಇಳಿದಂತೆ ಕಪ್ಪು ಹಿಂದೆ ಸರಿದು ಬಳ್ಳಿಯೊಂದೇ ಗಾಳಿಯಲ್ಲಿ ನಿಂತ ಹಾಗಿರುತ್ತದೆ.

ದೊಡ್ಡ ಅಪಾಯ ಹಬ್ಬದ ಹಿಂದಿನ ದಿನದ್ದು. ಹಿತ್ತಾಳೆ ದೀಪಗಳ ಜೊತೆ ಬಿದ್ರಿಗೂ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹುಳಿ ಆ ಕಪ್ಪನ್ನೇ ತಿನ್ನುತ್ತದೆ. ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ. ಹೂದಾನಿಯಲ್ಲಿ ನೀರು ನಿಲ್ಲಿಸಬಾರದು, ತಟ್ಟೆಯಲ್ಲಿ ಉಪ್ಪಿನಕಾಯಿ ಬಡಿಸಬಾರದು. ಕೈಜಾರಿ ಬಿದ್ದರೆ ಬಿರುಕು ಬಿಟ್ಟೀತು; ಸತುವಿನ ಎರಕ ಕಾಣುವಷ್ಟು ಗಟ್ಟಿಯಲ್ಲ.

2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅಂಗಡಿಗಳಲ್ಲಿ ಈಗ ಪಾನ್‌ದಾನಿಗಿಂತ ಕಿವಿಯೋಲೆ, ಕೀಲಿಗೊಂಚಲು, ಪೆನ್ ಡ್ರೈವ್ ಕವಚಗಳನ್ನು ಕೇಳುವವರೇ ಜಾಸ್ತಿ. ಹಳಬರಿಗೆ ಇದು ಕಸಿವಿಸಿ ತಂದೀತು. ಆದರೆ ಹೆಬ್ಬೆರಳಿನಷ್ಟು ಉದ್ದದ ಆ ಕವಚವೂ ಕಪ್ಪಾಗಬೇಕಾದರೆ ಕೋಟೆಯ ಮಣ್ಣಿಗೇ ಬರಬೇಕು, ಆ ಮಣ್ಣನ್ನು ಯಾರಾದರೂ ನಾಲಿಗೆಯ ಮೇಲಿಟ್ಟು ನೋಡಿರಬೇಕು.