ಕೆರೆ ಪಕ್ಕದ ಎಕರೆ: ಲೆಕ್ಕಕ್ಕೆ ಸಿಗೋದು ಎಷ್ಟು ಗುಂಟೆ?

ಕೃಷಿಮೇಳಕ್ಕೆ ಹೋದವರಿಗೆ ಜಿಕೆವಿಕೆ ಗೊತ್ತೇ ಇದೆ. ಸುಮಾರು 1,300 ಎಕರೆಯ ಆ ಹಸಿರಿನ ಸುತ್ತ ಈಗ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು. ಹೆಬ್ಬಾಳ, ಜಕ್ಕೂರು, ಯಲಹಂಕದಲ್ಲಿ ಬಿಲ್ಡರ್‌ಗಳು ಮಾರೋದು ಬರೀ ಮನೆಯನ್ನಲ್ಲ, ಬಾಲ್ಕನಿಯಿಂದ ಕಾಣುವ ಕೆರೆಯನ್ನೂ ಸೇರಿಸಿ. ಹಾಗಾಗಿ ಕೆರೆ ಪಕ್ಕದ ಜಮೀನಿಗೆ ಬೇಡಿಕೆ ಜಾಸ್ತಿ.

ಆದರೆ ಕೆರೆ ಹತ್ತಿರ ಇದ್ದಷ್ಟೂ ಕಟ್ಟಲು ಸಿಗುವ ಜಾಗ ಕಮ್ಮಿ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಮಾಸ್ಟರ್ ಪ್ಲಾನ್ ಕೆರೆಯಂಚಿನಿಂದ 30 ಮೀಟರ್ ಬಫರ್ ಬಿಡಬೇಕು ಎಂದಿತು. 2016ರ ಮೇನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರ್‌ಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಗುಂಟೆ ಲೆಕ್ಕದಲ್ಲಿ ನೋಡಿ. ಚೌಕಾಕಾರದ ಒಂದು ಎಕರೆ ಅಂದರೆ ಪ್ರತಿ ಬದಿ ಸುಮಾರು 64 ಮೀಟರ್. ಒಂದು ಬದಿ ಪೂರ್ತಿ ಕೆರೆಗೆ ತಾಗಿದ್ದರೆ 30 ಮೀಟರ್ ಬಫರ್‌ಗೇ ಹತ್ತಿರ ಹತ್ತಿರ 19 ಗುಂಟೆ ಹೋಗುತ್ತದೆ. 75 ಮೀಟರ್ ಆಗಿದ್ದರೆ? ಇಡೀ ಎಕರೆಯೇ! ಇನ್ನು ರಾಜಕಾಲುವೆ. ಮಾಸ್ಟರ್ ಪ್ಲಾನ್ ಪ್ರಕಾರ ದೊಡ್ಡ ಕಾಲುವೆಯ ನಡುವಿನಿಂದ 50 ಮೀಟರ್, ಅದಕ್ಕಿಂತ ಚಿಕ್ಕದಕ್ಕೆ 25, ಕವಲುಗಾಲುವೆಗೆ 15. ಕೆರೆ ಎಲ್ಲರ ಕಣ್ಣಿಗೆ ಕಾಣುತ್ತೆ. ಒಣಗಿ ಪೊದೆ ಬೆಳೆದ ಕಾಲುವೆ ನಕ್ಷೆಯಲ್ಲಿ ಮಾತ್ರ ಇರುತ್ತೆ, ಮೋಸ ಆಗೋದೂ ಅಲ್ಲೇ.

ಜಾಯಿಂಟ್ ಡೆವಲಪ್‌ಮೆಂಟ್ ಅಂತ ಬಿಲ್ಡರ್ ಬಂದರೆ ಅಡ್ವಾನ್ಸ್ ಮಾತು ಆಮೇಲೆ. ಮೊದಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆಗೆದು ಜಮೀನಿನಲ್ಲೇ ನಿಂತು ಸರ್ವೆ ನಂಬರ್ ನೋಡಿ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಿಂದ ಗ್ರಾಮ ನಕ್ಷೆ ಇಳಿಸಿಕೊಂಡು ಹಳ್ಳ, ಕಾಲುವೆ ಎಲ್ಲಿ ಹಾದಿದೆ ಹುಡುಕಿ. ಆ್ಯಪ್ ತೋರಿಸೋದು ಅಂದಾಜು ಮಾತ್ರ. ಗಡಿ ಖಚಿತವಾಗಬೇಕಾದರೆ ಸರ್ವೆಯರ್ ಬಂದು ಅಳೆಯಲೇಬೇಕು. ಬಫರ್ ನಿಯಮ ಆಗಾಗ ಬದಲಾಗುತ್ತೆ, ಈಗಿನ ಅಳತೆಯನ್ನು ಯೋಜನಾ ಪ್ರಾಧಿಕಾರದಿಂದ ಬರವಣಿಗೆಯಲ್ಲೇ ಪಡೆಯಿರಿ. ಬಫರ್ ಗುಂಟೆಗಳು ಯಾರ ಪಾಲಿಗೆ, ಅದಕ್ಕೆ ಬೆಲೆ ಎಷ್ಟು ಅನ್ನೋದು ಅಗ್ರಿಮೆಂಟಿನಲ್ಲಿ ಇರಬೇಕು. ಇಲ್ಲದಿದ್ದರೆ ಆ ನಷ್ಟ ನಿಮ್ಮ ತಲೆಗೇ.

ಬಫರ್ ಅಂದರೆ ಜಮೀನು ಕೈಬಿಟ್ಟಂತಲ್ಲ. ಕಟ್ಟುವಂತಿಲ್ಲ, ಅಷ್ಟೇ. ಸೊಪ್ಪು, ಹೂವು ಬೆಳೆಯಬಹುದು. ಅಲಂಕಾರಿಕ ಗಿಡಗಳ ನರ್ಸರಿಯೂ ಆಗುತ್ತೆ, ಕೊಳ್ಳುವವರು ಎದುರಿನ ಬಾಲ್ಕನಿಯಲ್ಲೇ ಇದ್ದಾರೆ.